ನಾಚಾರಂ ರಸ್ತೆಯ ಮೂರನೇ ಬಿಲ್ಲೆ

ಮೂರು ಬಿಲ್ಲೆಗಳಲ್ಲಿ ಒಂದನ್ನು ಕೋಕಿಲಾ ಮನೆಗೆ ಒಯ್ದಳು. ಕದ್ದಳು ಎಂದರೂ ತಪ್ಪಿಲ್ಲ.

ಹೈದರಾಬಾದಿನ ನಾಚಾರಂ ಕೈಗಾರಿಕಾ ವಸಾಹತಿನಲ್ಲಿ, ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಮಹಡಿಯ ಮೇಲೆ, ರಸ್ತೆ ಸಾಮಗ್ರಿ ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯವಿದೆ. ಕೋಕಿಲಾ ಅಲ್ಲಿ ಕೆಲಸ ಮಾಡುತ್ತಾಳೆ. ಮಂಗಳವಾರ ಮಧ್ಯಾಹ್ನ ಗುತ್ತಿಗೆದಾರರ ಕಡೆಯವರು ರಸ್ತೆಯಿಂದ ಕೊರೆದು ತೆಗೆದ ಮೂರು ಡಾಂಬರು ಬಿಲ್ಲೆಗಳನ್ನು ತಂದು ಮೇಜಿನ ಮೇಲಿಟ್ಟು, ಸಹಿ ಹಾಕಿಸಿಕೊಂಡು ಹೋದರು. ಒಂದೊಂದೂ ಹೋಳಿಗೆಯಷ್ಟು ಅಗಲ, ಮೂರು ಬೆರಳು ದಪ್ಪ, ಎರಡು ಕಿಲೋ ತೂಕ. ಎರಡನ್ನು ಪರೀಕ್ಷೆಗೆ ಬಳಸಬೇಕು. ಮೂರನೆಯದಕ್ಕೆ ಚೀಟಿ ಅಂಟಿಸಿ ತೊಂಬತ್ತು ದಿನ ಕಪಾಟಿನಲ್ಲಿ ಇಡಬೇಕು, ನಾಳೆ ಯಾರಾದರೂ ತಕರಾರು ತೆಗೆದರೆ ಇರಲಿ ಎಂದು. ಕೋಕಿಲಾ ಚೀಟಿ ಬರೆದಳು, ಅಂಟಿಸಿದಳು. ಸಂಜೆ ಆ ಬಿಲ್ಲೆಯನ್ನು ಊಟದ ಡಬ್ಬಿಯ ಚೀಲಕ್ಕೆ ಇಳಿಸಿ ಹಿಮಾಯತ್‌ನಗರದ ಬಸ್ಸು ಹತ್ತಿದಳು.

ಬಿಲ್ಲೆ ಬಂದಿದ್ದು ಅದೇ ವಸಾಹತಿನ ಹಿಂಬದಿಯ ಮುನ್ನೂರು ಮೀಟರ್ ರಸ್ತೆಯಿಂದ. ಒಂಬತ್ತು ವರ್ಷಗಳ ಹಿಂದೆ, ಸವೆದ ಲಾರಿ ಟೈರುಗಳನ್ನು ಪುಡಿ ಮಾಡಿ ಡಾಂಬರಿಗೆ ಬೆರೆಸಿ, ಹೇಗೆ ಬಾಳುತ್ತದೋ ನೋಡೋಣ ಎಂದು ಹಾಕಿಸಿದ ರಸ್ತೆ ಅದು. ಹಾಕಿಸಿದ ಇಂಜಿನಿಯರು ಶಾಂತಕುಮಾರ, ಕೋಕಿಲಾಳ ಗಂಡ. ಎರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ ತಲೆ ನೋವು ಎಂದು ಕುಳಿತವನು ಸಂಜೆಯ ಹೊತ್ತಿಗೆ ಇರಲಿಲ್ಲ. ಮೂವತ್ತೈದು ತುಂಬಿರಲಿಲ್ಲ.

ಈಗ ವಸಾಹತಿನ ರಸ್ತೆಗಳನ್ನೆಲ್ಲ ಕೆರೆದು ಹೊಸದಾಗಿ ಹಾಕುವ ಕೆಲಸ ನಡೆದಿತ್ತು. ಕೆರೆದ ಹಳೆಯ ಡಾಂಬರನ್ನು ಮತ್ತೆ ಕಾಯಿಸಿ, ಹೊಸದರ ಜೊತೆ ಬೆರೆಸಿ, ಹೊಸ ರಸ್ತೆಗೇ ಹಾಕುತ್ತಾರೆ. ಆದರೆ ರಬ್ಬರು ಬೆರೆತದ್ದನ್ನು ಮತ್ತೆ ಬಳಸಿ ಇಲ್ಲಿ ಯಾರಿಗೂ ಅಭ್ಯಾಸವಿಲ್ಲ. ಗುತ್ತಿಗೆದಾರರು ಒಂದು ಷರತ್ತು ಹಾಕಿದ್ದರು. ಡಾಂಬರಿನ ಅಂಶ ನೂರಕ್ಕೆ ಐದರ ಮೇಲಿದ್ದರೆ ಬಳಸುತ್ತೇವೆ, ಕಡಿಮೆಯಿದ್ದರೆ ಊರಾಚೆಯ ಕಲ್ಲುಕ್ವಾರಿಯ ಗುಂಡಿಗೆ ಸುರಿಯುತ್ತೇವೆ. ವರದಿ ಶುಕ್ರವಾರ ಮಧ್ಯಾಹ್ನದೊಳಗೆ ಬೇಕು. ಭಾನುವಾರ ಕಾರ್ಖಾನೆಗಳಿಗೆ ರಜೆ, ಅಂದು ಕೆರೆಯುವ ಯಂತ್ರ ಬರುತ್ತದೆ.

ಪ್ರಯೋಗಾಲಯದ ಮುಖ್ಯಸ್ಥರು ಜನಾರ್ದನ. ಮೈಸೂರಿನವರು, ಐವತ್ತು ದಾಟಿದವರು, ಎಲ್ಲವನ್ನೂ ತಮಾಷೆಯಲ್ಲಿ ಹೇಳುವವರು. ಈ ಒಂದು ಕೆಲಸವನ್ನು ಕೋಕಿಲಾಳ ಮುಂದಿಡುವಾಗ ಮಾತ್ರ ತಮಾಷೆ ಮಾಡಲಿಲ್ಲ.

“ಬೇರೆಯವರಿಗೆ ಕೊಡ್ಲಾ?”

“ಬೇಡ ಸಾರ್. ನಾನೇ ಮಾಡ್ತೀನಿ.”

ಮದುವೆಯಾದ ಹೊಸದರಲ್ಲಿ ಶಾಂತಕುಮಾರ ಅವಳನ್ನು ಆ ರಸ್ತೆಗೆ ಕರೆದುಕೊಂಡು ಹೋಗಿದ್ದ. ಹೊಸ ಹೆಂಡತಿಗೆ ಟ್ಯಾಂಕ್‌ಬಂಡ್ ತೋರಿಸುವವರಿದ್ದಾರೆ, ಗೋಲ್ಕೊಂಡ ತೋರಿಸುವವರಿದ್ದಾರೆ. ಇವನು ಇಳಿಜಾರಿನ ತುದಿಯಲ್ಲಿ ಸ್ಕೂಟರಿನ ಇಂಜಿನ್ ಆರಿಸಿ, “ಈಗ ಕೇಳು” ಎಂದಿದ್ದ. ಸ್ಕೂಟರು ತನ್ನಷ್ಟಕ್ಕೆ ಉರುಳಿತು. ಚಕ್ರ ಹಳೆಯ ರಸ್ತೆಯ ಮೇಲೆ ಕರಕರ ಎನ್ನುತ್ತಿತ್ತು. ಒಂದು ಗೆರೆ ದಾಟಿದ್ದೇ ಆ ಸದ್ದು ಯಾರೋ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ ಅಡಗಿಹೋಯಿತು. “ಕೇಳಿಸ್ತಾ?” ಎಂದು ಅವನು ಕೇಳಿದ. “ಏನೂ ಕೇಳಿಸ್ತಿಲ್ಲ” ಎಂದಳು. “ಅದ ನೋಡು! ಅದನ್ನ ಮಾಡಾಕ ನಾಕ್ ವರ್ಷ ಬೇಕಾತು” ಎಂದು ನಕ್ಕ. ಅವನ ಬೆನ್ನು ನಗುವುದು ಅವಳ ಕೆನ್ನೆಗೆ ತಿಳಿಯುತ್ತಿತ್ತು.

ಬುಧವಾರ ಮೊದಲ ಬಿಲ್ಲೆಯನ್ನು ಪರೀಕ್ಷೆಗಿಟ್ಟಳು. ಮಾಡುವ ಕ್ರಮ ಹಳೆಯದು, ಕೈಗೆ ಹತ್ತಿದ್ದು. ಬಿಲ್ಲೆಯನ್ನು ಬೆಚ್ಚಗೆ ಮಾಡಿ ಪುಡಿ ಬಿಡಿಸಬೇಕು, ತೂಗಬೇಕು, ತಿರುಗುವ ಬಟ್ಟಲಿಗೆ ಹಾಕಿ ದ್ರಾವಕ ಸುರಿದು ತೊಳೆಯಬೇಕು. ಡಾಂಬರು ಕರಗಿ ಕಪ್ಪು ಕಷಾಯವಾಗಿ ಹೊರಗೆ ಹರಿಯುತ್ತದೆ. ಹರಿಯುವುದು ತಿಳಿಯಾಗುವವರೆಗೆ ತೊಳೆಯುತ್ತಲೇ ಇರಬೇಕು. ಕೊನೆಗೆ ಬಟ್ಟಲಲ್ಲಿ ಉಳಿದ ಕಲ್ಲನ್ನು ಒಣಗಿಸಿ ತೂಗಿದರೆ, ಎಷ್ಟು ಕಡಿಮೆಯಾಯಿತೋ ಅಷ್ಟು ಡಾಂಬರು. ಸಾವಿರ ಸಲ ಮಾಡಿದ್ದಾಳೆ. ಈ ಸಲ ಸಣ್ಣ ಮರಳಿನ ನಡುವೆ ಕಪ್ಪು ಕಾಳುಗಳು ಉಳಿದುಕೊಂಡವು. ಡಾಂಬರು ಪೂರ್ತಿ ಹೋಗಿಲ್ಲವೇನೋ ಎಂದು ಮತ್ತೆ ಮೂರು ಸಲ ತೊಳೆದಳು. ದ್ರಾವಕ ನೀರಿನಂತೆ ತಿಳಿಯಾಗಿ ಹರಿಯಿತು. ಮುಗಿಯಿತು ಎಂದು ತೂಗಿದಳು.

ನಾಲ್ಕು ಪಾಯಿಂಟ್ ಏಳು.

ಶಾಂತಕುಮಾರ ಬರೆದಿಟ್ಟ ಪ್ರಮಾಣ ಐದೂವರೆ. ಅದು ಅವಳಿಗೆ ಬಾಯಿಪಾಠ. ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ತೂಗಿದಳು. ಅಷ್ಟೇ ಬಂತು. ಗುರುವಾರ ಎರಡನೆಯ ಬಿಲ್ಲೆ. ಅದಕ್ಕೂ ನಾಲ್ಕು ಪಾಯಿಂಟ್ ಏಳು.

ಬರೆದದ್ದಕ್ಕಿಂತ ಕಡಿಮೆ ಡಾಂಬರು ಹಾಕುವುದು ಈ ಕಸುಬಿನ ಹಳೆಯ ಕಾಯಿಲೆ. ಯಾವ ರಸ್ತೆಯಲ್ಲಿ ಕಡಿಮೆ ಬಂದರೂ ಪ್ರಯೋಗಾಲಯದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ, “ಡಾಂಬರು ಕುಡಿದಿದ್ದಾರೆ” ಎಂದು ಹೇಳಿ ಮುಂದಿನ ಕೆಲಸ ಹಿಡಿಯುತ್ತಾರೆ. ಆ ಮಾತು ಕೋಕಿಲಾಳ ಮನಸ್ಸಿನಲ್ಲೂ ತಾನಾಗಿ ಬಂದು ಕೂತಿತು. ಅವಳು ಅದನ್ನು ಎಬ್ಬಿಸಿ ಕಳಿಸಲಿಲ್ಲ. ಅದೇ ಅವಳಿಗೆ ಆಮೇಲೆ ನುಂಗಲಾರದ ತುತ್ತಾಗಿದ್ದು. ಅವನು ಇದ್ದಿದ್ದರೆ ಸಂಜೆ ಚಹಾ ಕುಡಿಯುತ್ತ, “ಏನ್ರೀ, ಕಡಿಮೆ ಹಾಕಿದ್ರಾ?” ಎಂದು ಕೇಳಿಬಿಡುತ್ತಿದ್ದಳು. ಅವನು ರೇಗುತ್ತಿದ್ದ, ಕಾಗದ ಪೆನ್ಸಿಲ್ ತರುತ್ತಿದ್ದ, ಚಹಾ ಆರುತ್ತಿತ್ತು. ಎರಡು ವರ್ಷದಲ್ಲಿ ಅವಳು ಅತ್ತದ್ದು ಕಡಿಮೆ. ಎಲ್ಲರೂ ಗಟ್ಟಿಗಿತ್ತಿ ಎಂದರು. ಗಟ್ಟಿತನವಲ್ಲ ಅದು. ಹಲ್ಲು ಕೀಳುವ ಮೊದಲು ವೈದ್ಯರು ಕೊಡುವ ಚುಚ್ಚುಮದ್ದಿನ ಜೋಮು, ಇಳಿಯಲೇ ಇಲ್ಲ, ಅಷ್ಟೆ. ಈ ಗುರುವಾರ, ಅವನ ರೇಗುವ ದನಿ ಒಂದು ಸಲ ಕೇಳಬೇಕು ಎನ್ನಿಸಿ ತಕ್ಕಡಿಯ ಮುಂದೆ ಕುಳಿತೇ ಇದ್ದಳು.

“ಕೋಕಿಲಾ ಅವರೇ, ಎಷ್ಟು ಬಂತು?” ಜನಾರ್ದನ ಬಾಗಿಲಲ್ಲಿ ನಿಂತು ಕೇಳಿದರು.

“ನಾಳೆ ಹೇಳ್ತೀನಿ ಸಾರ್.”

ಸಂಜೆ ಐದಕ್ಕೆ ಅವಳು ಸೂಗಪ್ಪನನ್ನು ಹುಡುಕಿಕೊಂಡು ಹೋದಳು. ಸೂಗಪ್ಪ ರಾಯಚೂರು ಕಡೆಯವನು, ಮೂವತ್ತು ವರ್ಷದಿಂದ ಹೈದರಾಬಾದಿನಲ್ಲಿ ರೋಲರ್ ಓಡಿಸುತ್ತಾನೆ. ಶಾಂತಕುಮಾರನ ಆ ರಸ್ತೆಯ ಮೇಲೆ ರೋಲರ್ ಓಡಿಸಿದ್ದೂ ಅವನೇ. ಈಗ ಇದೇ ಗುತ್ತಿಗೆದಾರರ ಬಳಿ ಇದ್ದಾನೆ. ವಸಾಹತಿನ ಗೇಟಿನ ಎದುರಿನ ಇರಾನಿ ಹೋಟೆಲಿನಲ್ಲಿ ಉಸ್ಮಾನಿಯಾ ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತ ಕುಳಿತಿದ್ದವನು ಎದ್ದು ನಿಂತ.

“ಬರ್ರಿ ಅಕ್ಕಾರ. ಏ ಭಾಯ್, ಔರ್ ಏಕ್ ಚಾಯ್! ಏನ್ರಿ, ಭಾಳ ದಿನಕ್ಕ ಈ ಕಡಿ?”

ಕೋಕಿಲಾ ಕುಳಿತಳು. ಸುತ್ತು ಬಳಸಿ ಮಾತಾಡುವುದು ಅವಳಿಗೆ ಬರುವುದಿಲ್ಲ. “ಸೂಗಪ್ಪ, ನಿಜ ಹೇಳಬೇಕು. ಆ ಟೈರ್ ರಸ್ತೆಗೆ ಡಾಂಬರು ಕಡಿಮೆ ಹಾಕಿದ್ರಾ?”

ಸೂಗಪ್ಪನ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು.

“ಯಾರಂದ್ರು?”

“ಯಾರೂ ಅಂದಿಲ್ಲ. ನನ್ನ ಪರೀಕ್ಷೆಯಲ್ಲಿ ಹಾಗೆ ಬರ್ತಿದೆ.”

“ಹಂಗಾರ ನಿಮ್ ಪರೀಕ್ಷಾನ ಒಯ್ದು ಮೂಸಿ ನದಿಗೆ ಒಗೀರಿ!” ಅವನ ದನಿಗೆ ಪಕ್ಕದ ಮೇಜಿನವರು ತಿರುಗಿದರು. “ಅಕ್ಕಾರ, ಬ್ಯಾರೆ ಯಾರರ ಈ ಮಾತ್ ಅಂದಿದ್ರ ನಾ ಚಾ ಮಾರಿ ಮ್ಯಾಲ ಚೆಲ್ಲತಿದ್ದೆ. ಕಡಿಮಿ ಹಾಕೂ ಮನಶ್ಯಾ ಆಗಿದ್ರ ನಮಗ್ಯಾಕ ಆವತ್ತು ಅಷ್ಟು ಕಾಡಬೇಕಿತ್ತು? ಐತವಾರ ರಜಾ ಅಂತ ಎಲ್ಲಾರೂ ಮನ್ಯಾಗ ಮಟನ್ ತಿನ್ನಾಕತ್ತಿದ್ರು. ನಾವಿಲ್ಲಿ ಆ ಟೈರಿನ ಪುಡಿ ತಿರುವಿಕೋಂತ ನಿಂತಿದ್ವಿ.”

“ತಿರುವೋದು ಯಾಕೆ?”

“ಯಾಕಂದ್ರ? ಅದು ಕರಗಂಗಿಲ್ರಿ. ನೀವು ಓದಿದವ್ರು, ಡಾಂಬರಿಗೆ ಹಾಕಿದ್ರ ಟೈರು ಕರಗತೈತಿ ಅಂತ ತಿಳದೀರಿ ಏನು? ಕರಗಂಗಿಲ್ಲ. ಡಾಂಬರ್ ಕುಡಿತೈತಿ, ಕುಡದು ಉಬ್ಬತೈತಿ. ರಾತ್ರಿ ನೆನಿ ಹಾಕಿದ ಹುಳ್ಳಿಕಾಳ ಹಂಗ. ತಿರುವದಿದ್ರ ತಳಾ ಹಿಡೀತೈತಿ. ಸಾಹೇಬ್ರು ಕಡಾಯಿ ಮುಂದ ತಾವೇ ಕೋಲು ಹಿಡಕೊಂಡು ನಿಂತಿದ್ರು. ಅಂಗಿ ಎಲ್ಲಾ ಕರ್ರಗಾಗಿತ್ತು. ನಾ ಚಾಷ್ಟಿ ಮಾಡಿದ್ದೆ, ಸಾಹೇಬ್ರ, ಲಗ್ನಕ್ಕ ಇದೇ ಅಂಗಿ ಹಾಕ್ಕೋರಿ, ಹೆಣ್ಣು ಕೊಡೋರಿಗೆ ಕೆಲಸ ಏನಂತ ಕೇಳೂದೇ ಬ್ಯಾಡ ಅಂತ.”

ಕೋಕಿಲಾ ಚಹಾದ ಬಸಿಯನ್ನು ಕೆಳಗಿಟ್ಟಳು. ಬಟ್ಟಲಿನಲ್ಲಿ ಉಳಿದ ಕಪ್ಪು ಕಾಳುಗಳು ಕಣ್ಣ ಮುಂದೆ ಬಂದವು. ಅವು ತೊಳೆಯದೆ ಬಿಟ್ಟ ಡಾಂಬರಲ್ಲ. ರಬ್ಬರು. ದ್ರಾವಕಕ್ಕೆ ಡಾಂಬರು ಕರಗುತ್ತದೆ, ರಬ್ಬರು ಕರಗುವುದಿಲ್ಲ. ಐದೂವರೆ ಎಂದು ಶಾಂತಕುಮಾರ ಬರೆದದ್ದು ಡಾಂಬರು, ರಬ್ಬರು ಎರಡೂ ಸೇರಿಸಿ. ಗುತ್ತಿಗೆದಾರರು ಕೇಳಿದ ಐದೂ ಅದೇ ಲೆಕ್ಕದ್ದು. ಅವಳು ರಬ್ಬರನ್ನು ಕಲ್ಲಿನ ಜೊತೆ ತೂಗಿದ್ದಳು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇದನ್ನೇ ಓದಿದವಳು, ಕೈಯ ರೂಢಿಯನ್ನು ನಂಬಿ ಗಂಡನನ್ನು ನಂಬದೆ ಹೋದಳು.

“ಏನಾತ್ರಿ?” ಎಂದ ಸೂಗಪ್ಪ.

“ತಪ್ಪು ನನ್ನದು ಸೂಗಪ್ಪ.”

“ಹೌದಲ್ಲ? ಹಂಗ ಬರ್ರಿ ದಾರೀಗೆ,” ಎಂದವನು, ಅವಳ ಮುಖ ನೋಡಿ ದನಿ ತಗ್ಗಿಸಿದ. “ಚಾ ಕುಡೀರಿ ಅಕ್ಕಾರ. ಆರಾಕತ್ತೈತಿ.”

ಸರಿಯಾದ ದಾರಿ ಇತ್ತು. ಪ್ರಯೋಗಾಲಯದ ಮೂಲೆಯಲ್ಲಿ ಸುಡುವ ಒಲೆಯೊಂದಿದೆ, ಒಳಗೇ ತಕ್ಕಡಿ ಇರುವಂಥದ್ದು. ಐನೂರು ಡಿಗ್ರಿಯ ಮೇಲೆ ಕಾಯಿಸಿದರೆ ಡಾಂಬರೂ ಉರಿದುಹೋಗುತ್ತದೆ, ರಬ್ಬರೂ ಉರಿದುಹೋಗುತ್ತದೆ, ಕಲ್ಲು ಮಾತ್ರ ಉಳಿಯುತ್ತದೆ. ಆಗ ಲೆಕ್ಕ ಸರಿಯಾಗಿ ಬರುತ್ತದೆ. ಆದರೆ ಎರಡು ಬಿಲ್ಲೆ ತೊಳೆದು ಮುಗಿದಿವೆ, ತೂಗಿದ ಕಲ್ಲೂ ಕಸಕ್ಕೆ ಹೋಗಿದೆ. ಮತ್ತೆ ರಸ್ತೆ ಕೊರೆಯಬೇಕೆಂದರೆ ಸಂಚಾರ ತಡೆಗೆ ಅನುಮತಿ ಬೇಕು, ಹತ್ತು ದಿನ ಹಿಡಿಯುತ್ತದೆ. ಇರುವುದು ಒಂದೇ ಬಿಲ್ಲೆ. ಅದು ಹಿಮಾಯತ್‌ನಗರದ ಮನೆಯಲ್ಲಿ, ಅವಳ ಮಂಚದ ಪಕ್ಕದ ಗೂಡಿನಲ್ಲಿತ್ತು.

ಮನೆಗೆ ಬಂದಾಗ ಅದು ಗೂಡಿನಲ್ಲಿ ಇರಲಿಲ್ಲ. ಅತ್ತೆ ಪಾರ್ವತಿಬಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಾಲ್ಕನಿಯಲ್ಲಿ ಕುಳಿತಿದ್ದರು. ಮಗ ಹೋದ ಮೇಲೆ ಸೊಸೆಯನ್ನು ಬಿಟ್ಟು ಊರಿಗೆ ಹೋಗಲು ಒಪ್ಪದೆ ಇಲ್ಲೇ ಉಳಿದವರು ಅವರು. ತೆಲುಗು ಬರುವುದಿಲ್ಲ, ಹಿಂದಿ ಅರ್ಧ. ತರಕಾರಿಯವಳ ಜೊತೆ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಾರೆ. ಮಂಗಳವಾರ ರಾತ್ರಿಯೇ, ಇದೇನು ಎಂದು ಕೇಳಿದ್ದರು. ಅವರ ರಸ್ತೆಯ ತುಂಡು ಎಂದು ಕೋಕಿಲಾ ಹೇಳಿದ್ದಳು. ಅಂದಿನಿಂದ ಅವಳು ಕೆಲಸಕ್ಕೆ ಹೋದ ಮೇಲೆ ಅದನ್ನು ಎತ್ತಿಕೊಂಡು ಕೂರುತ್ತಿದ್ದರೆಂದು ಅವಳಿಗೆ ಈಗ ಗೊತ್ತಾಯಿತು.

“ಬಿಸಲಿಗೆ ಇಟ್ರ ವಾಸ್ನಿ ಬರತೈತಿ ನೋಡು,” ಎಂದರು ಪಾರ್ವತಿಬಾಯಿ. “ಅವನ ಅಂಗೀ ವಾಸ್ನಿ.”

ಕೋಕಿಲಾ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದಳು. ತನ್ನ ತಪ್ಪನ್ನೂ ಹೇಳಿದಳು. ಅತ್ತೆ ಕೇಳಿದ್ದು ಒಂದೇ.

“ಇದನ್ನ ಸುಡತಿ?”

“ಹ್ಞೂಂ.”

“ನಮ್ಮಾಗ ಸುಡಂಗಿಲ್ಲವ್ವಾ.”

ಅದು ಕೋಕಿಲಾಳಿಗೆ ಗೊತ್ತಿತ್ತು. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತಾರೆ. ಶಾಂತಕುಮಾರನನ್ನೂ ಹಾಗೇ ಕೂರಿಸಿದ್ದರು, ವಿಭೂತಿ ಹಚ್ಚಿ, ಯಾವುದೋ ಸಭೆಗೆ ಬಂದವನ ಹಾಗೆ. ಹಿಡಿ ಮಣ್ಣು ಹಾಕುವಾಗ, ಅವನ ಕನ್ನಡಕ ಮನೆಯಲ್ಲೇ ಉಳಿಯಿತಲ್ಲ ಎಂದಷ್ಟೇ ಅವಳಿಗೆ ಅನ್ನಿಸಿತ್ತು.

“ಇದು ಅವರಲ್ಲ ಅತ್ತೆ. ಡಾಂಬರು.”

“ಹಂಗಾರ ನೀ ಯಾಕ ಡಬ್ಬಿ ಚೀಲದಾಗ ಮುಚ್ಚಿಟ್ಟು ತಂದಿ?”

ಕೋಕಿಲಾ ಬೀದಿಯ ಕಡೆ ಬಗ್ಗಿ ನೋಡಿದಳು. ಕೆಳಗೆ ಆಟೋಗಳು ಹಾರನ್ ಹೊಡೆಯುತ್ತಿದ್ದವು.

“ಸುಡದಿದ್ರ ಏನಾಗತೈತಿ?”

“ರಸ್ತೆ ಪೂರ್ತಿ ಗುಂಡಿಗೆ ಹೋಗುತ್ತೆ. ಕ್ವಾರಿಯಲ್ಲಿ ಸುರಿದು ಮುಚ್ಚಿಬಿಡ್ತಾರೆ.”

“ಮುಚ್ಚಲಿ ಬಿಡು. ಮಣ್ಣಿಗೇ ಹೋತಲ್ಲ. ಇದೊಂದು ಚೂರು ನಮ್ಮ ಕಡಿಗೆ ಇರಲಿ.”

“ಆ ಗುಂಡಿ ಮೇಲೆ ಯಾರೂ ಓಡಾಡಲ್ಲ ಅತ್ತೆ. ಅವರು ಅದನ್ನ ಜನ ಓಡಾಡ್ಲಿ ಅಂತ ಮಾಡಿದ್ದು.”

ಪಾರ್ವತಿಬಾಯಿ ಬಿಲ್ಲೆಯ ಅಂಚನ್ನು ಬೆರಳಲ್ಲಿ ಒಂದು ಸುತ್ತು ಸವರಿದರು. ಆಮೇಲೆ ಎದ್ದು ಅದನ್ನು ಒಳಗೆ ಒಯ್ದರು. ಕೊಡುವುದಿಲ್ಲವೇನೋ ಎಂದುಕೊಂಡಳು ಕೋಕಿಲಾ. ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಊಟದ ಡಬ್ಬಿಯ ಚೀಲ ಸಿದ್ಧವಾಗಿತ್ತು, ಬಿಲ್ಲೆ ಅದರೊಳಗೆ. ಮೇಲೆ ಒಂದು ಒಗೆದ ಕೈವಸ್ತ್ರ ಹೊದಿಸಿತ್ತು. ಅತ್ತೆ ಸ್ನಾನದ ಮನೆಯಿಂದ ಹೊರಗೆ ಬರಲಿಲ್ಲ.

ಶುಕ್ರವಾರ ಎಂಟಕ್ಕೇ ಕೋಕಿಲಾ ಪ್ರಯೋಗಾಲಯದಲ್ಲಿದ್ದಳು. ಚೀಲದಿಂದ ಬಿಲ್ಲೆ ತೆಗೆಯುವುದನ್ನು ಜನಾರ್ದನ ನೋಡಿದರು.

“ಕಪಾಟಿನಲ್ಲಿ ಇರಬೇಕಾಗಿದ್ದು ಅಲ್ವಾ ಅದು?”

“ಹೌದು ಸಾರ್. ನಾನು ಮನೆಗೆ ಒಯ್ದಿದ್ದೆ.” ಎರಡೂ ಪರೀಕ್ಷೆ ಹೇಗೆ ತಪ್ಪಿತೆಂದು ನಾಲ್ಕು ಮಾತಿನಲ್ಲಿ ಹೇಳಿದಳು.

ಅವರು ಕನ್ನಡಕ ತೆಗೆದು ಒರೆಸಿದರು. “ಐದೂವರೆ ಅಂತ ನೀವು ಹೇಳಿದ್ರೆ ನಾನು ನಂಬ್ತೀನಿ ಕಣ್ರೀ. ಶಾಂತಕುಮಾರ್ ನನಗೂ ಗೊತ್ತು. ಸುಮ್ಮನೆ ಬರೆದುಬಿಡೋಣ, ಇದು ನಿಮ್ಮ ಹತ್ರಾನೇ ಇರಲಿ.”

ಆ ಕ್ಷಣ ಒಪ್ಪಿಬಿಡಬಹುದಿತ್ತು. ಬೆರಳುಗಳು ಬಿಲ್ಲೆಯನ್ನು ಬಿಟ್ಟಿರಲಿಲ್ಲ. ಕೋಕಿಲಾ ತಲೆಯಾಡಿಸಿದಳು. “ಸುಮ್ಮನೆ ಬರೆದರೆ ಅವರು ಒಪ್ತಿರಲಿಲ್ಲ ಸಾರ್.”

“ಹ್ಞಾ, ಒಪ್ತಿರಲಿಲ್ಲ,” ಎಂದರು ಜನಾರ್ದನ. “ನನ್ನನ್ನೂ ಸೇರಿಸಿ ಬೈತಿದ್ದ. ಆದ್ರೆ ಇದು ಮನೆಗೆ ಹೋಗಿಬಂದಿದ್ದನ್ನೂ ವರದಿಯಲ್ಲಿ ಬರೀರಿ. ಇಲ್ಲಾಂದ್ರೆ ನಾಳೆ ನನ್ನ ಕುರ್ಚಿ ಕ್ವಾರಿಗೆ ಹೋಗುತ್ತೆ.”

ಮೊದಲು ಬಿಲ್ಲೆಯನ್ನು ಬೆಚ್ಚಗೆ ಮಾಡಬೇಕು. ಅರ್ಧ ಗಂಟೆಗೆ ಅದು ಮೆತ್ತಗಾಯಿತು. ಕೋಕಿಲಾ ಕೈಗವಸು ತೊಟ್ಟು ಅದನ್ನು ತಟ್ಟೆಯ ಮೇಲೆ ಬಿಡಿಸತೊಡಗಿದಳು. ಅಂಚಿನಿಂದ ಶುರು ಮಾಡಿ, ತುಂಡು ತುಂಡಾಗಿ, ಕಲ್ಲು ಒಡೆಯದ ಹಾಗೆ. ವಾಸನೆ ಎದ್ದಿತು. ಡಾಂಬರಿನದು, ಅದರಡಿ ಸುಟ್ಟ ರಬ್ಬರಿನದು, ಸೈಟಿನಿಂದ ಬಂದು ಬಾಗಿಲಲ್ಲೇ ಷರ್ಟು ಬಿಚ್ಚುತ್ತಿದ್ದವನ ಕತ್ತಿನದು. “ಹತ್ರ ಬರಬೇಡಿ, ಮೊದಲು ಸ್ನಾನ” ಎಂದು ಎಷ್ಟು ಸಂಜೆ ಅವನನ್ನು ದೂಡಿದ್ದಳು. ಎಷ್ಟು ಸಂಜೆಗಳೆಂದು ಯಾರು ಲೆಕ್ಕ ಇಟ್ಟಿದ್ದರು? ಈಗ ಮುಖವಾಡ ಕೆಳಗೆಳೆದು, ತಟ್ಟೆಯ ಮೇಲೆ ಬಗ್ಗಿ, ಉಸಿರೆಳೆದಳು. ಬಿಡಿಸುವ ಕೆಲಸ ಹತ್ತು ನಿಮಿಷದ್ದು. ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು. ಜನಾರ್ದನ ಒಮ್ಮೆ ಬಾಗಿಲವರೆಗೆ ಬಂದು, ನೋಡಿ, ಏನೋ ಮರೆತವರಂತೆ ಹಿಂದಿರುಗಿದರು.

ಒಲೆಯ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಪುಟ್ಟ ಪರದೆಯ ಮೇಲೆ ತೂಕವೂ, ನೂರಕ್ಕೆ ಎಷ್ಟು ಕಡಿಮೆಯಾಯಿತೆಂಬ ಅಂಕಿಯೂ ಕಾಣುತ್ತವೆ. ಮೊದಲು ಏನೂ ಆಗಲಿಲ್ಲ. ಆಮೇಲೆ ತೂಕ ಒಂದೊಂದೇ ಗ್ರಾಮ್ ಇಳಿಯತೊಡಗಿತು. ಒಳಗೆ ಅವನ ಡಾಂಬರು ಹೋಗುತ್ತಿತ್ತು, ಕೋಲು ಹಿಡಿದು ತಿರುವಿದ ರಬ್ಬರು ಹೋಗುತ್ತಿತ್ತು. ಬೇಗ ಮುಗಿಯಲಿ ಎಂದು ಅನ್ನಿಸಲಿಲ್ಲ, ನಿಲ್ಲಲಿ ಎಂದೂ ಅನ್ನಿಸಲಿಲ್ಲ. ಪಕ್ಕದ ಅಂಕಿ ಏರುತ್ತ ನಾಲ್ಕು ಪಾಯಿಂಟ್ ಏಳಕ್ಕೆ ಬಂತು. ದಾಟಿತು. ಐದು ದಾಟಿತು. ಅಲ್ಲಿಂದ ನಿಧಾನವಾಗಿ ಐದು ಪಾಯಿಂಟ್ ನಾಲ್ಕಕ್ಕೆ ಬಂದು ನಿಂತಿತು. ಒಲೆ ಕೂಗಿತು.

ಐದೂವರೆಗೂ ಐದು ಪಾಯಿಂಟ್ ನಾಲ್ಕಕ್ಕೂ ಈ ಕಸುಬಿನಲ್ಲಿ ಅಂತರವಿಲ್ಲ. ಒಂಬತ್ತು ವರ್ಷದ ಬಿಸಿಲು ಮಳೆ ತಿಂದದ್ದು ಅಷ್ಟೇ. ತಟ್ಟೆಯಲ್ಲಿ ಬೂದುಬಣ್ಣದ ಕಲ್ಲುಗಳು ಉಳಿದಿದ್ದವು, ಯಾವ ರಸ್ತೆಯವೆಂದು ಹೇಳಲಾಗದಂಥವು. ಕೋಕಿಲಾ ವರದಿ ಬರೆದಳು. ಮೂರನೇ ಬಿಲ್ಲೆ ಮಂಗಳವಾರ ಸಂಜೆಯಿಂದ ಶುಕ್ರವಾರ ಬೆಳಗಿನವರೆಗೆ ತನ್ನ ಮನೆಯಲ್ಲಿತ್ತು ಎಂದೂ ಬರೆದಳು. ಮಧ್ಯಾಹ್ನ ವರದಿ ಗುತ್ತಿಗೆದಾರರ ಕೈ ಸೇರಿತು. ಆ ಸಾಲನ್ನು ಓದಿ ಅವರು ಫೋನು ಮಾಡಿ ಜನಾರ್ದನರ ಜೊತೆ ಒಂದಿಷ್ಟು ಕೂಗಾಡಿದರು. ಸಂಜೆಯ ಹೊತ್ತಿಗೆ ಒಪ್ಪಿಗೆ ಬಂತು. ರಸ್ತೆ ಗುಂಡಿಗೆ ಹೋಗುವುದಿಲ್ಲ.

ಮನೆಯಲ್ಲಿ ಪಾರ್ವತಿಬಾಯಿ ರೊಟ್ಟಿ ಬಡಿಯುತ್ತಿದ್ದರು. ತಿರುಗಿ ನೋಡಲಿಲ್ಲ.

“ಎಷ್ಟು ಬಂತು?”

“ಐದು ಪಾಯಿಂಟ್ ನಾಲ್ಕು.”

“ಅಂದ್ರ?”

“ಹೇಳಿದಷ್ಟೂ ಹಾಕಿದ್ದಾರೆ ಅತ್ತೆ.”

“ಅದನ್ನ ತಿಳಕೊಳ್ಳಾಕ ಸುಡಬೇಕಿತ್ತು? ನನ್ನ ಕೇಳಿದ್ರ ಪುಕ್ಸಟ್ಟೆ ಹೇಳತಿದ್ದೆ.” ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದರು. “ಉಳಿದ ರೋಡ್ ಎಲ್ಲಿಗೆ ಹೊಂಟೈತಿ?”

“ಬಿಸಿ ಮಾಡಿ ಹೊಸದರ ಜೊತೆ ಬೆರೆಸ್ತಾರೆ. ಎಲ್ಲಿ ಕೆಲಸ ಇದ್ದರೆ ಅಲ್ಲಿಗೆ. ಯಾವ ಬೀದಿ ಅಂತ ಹೇಳಕ್ಕಾಗಲ್ಲ.”

“ನಾನು ಒಮ್ಮೆನೂ ನೋಡಿಲ್ಲ ಅದನ್ನ,” ಎಂದರು ಪಾರ್ವತಿಬಾಯಿ. “ಕರಕೊಂಡ್ ಹೋಗತೀನಿ ಅಂತಿದ್ದ. ಏನ್ ನೋಡೂದೈತಿ ಬಿಡೋ, ರೋಡು ರೋಡೇ ಅಂತಿದ್ದೆ.”

ಭಾನುವಾರ ಏಳಕ್ಕೆ ಇಬ್ಬರೂ ಆಟೋದಲ್ಲಿ ನಾಚಾರಂಗೆ ಹೋದರು. ಕಾರ್ಖಾನೆಗಳ ಶಟರುಗಳು ಮುಚ್ಚಿದ್ದವು. ರಸ್ತೆಯ ತುದಿಯಲ್ಲಿ ಕೆರೆಯುವ ಯಂತ್ರ ಬಂದು ನಿಂತಿತ್ತು, ಅದರ ಮುಂದೆ ಖಾಲಿ ಲಾರಿ. ಚಾಲಕ ತೆಲುಗಿನಲ್ಲಿ ಯಾರ ಮೇಲೋ ರೇಗುತ್ತಿದ್ದ. ಸೂಗಪ್ಪ ಇವರನ್ನು ಕಂಡವನೇ ಓಡಿ ಬಂದ. ಪಾರ್ವತಿಬಾಯಿಯ ಕಾಲು ಮುಟ್ಟಿ ನಮಸ್ಕರಿಸಿದ.

“ಆಗು ಬಾಬೂ, ರೆಂಡು ನಿಮಿಷಾಲು!” ಎಂದು ಎರಡು ನಿಮಿಷ ತಡೆಯುವಂತೆ ಚಾಲಕನಿಗೆ ಕೂಗಿದ. ಆಮೇಲೆ ಇವರಿಗೆ, “ಇಲ್ಲಿಂದ ಶುರು ನೋಡ್ರಿ ಅವ್ವಾರ. ಆ ನೀಲಿ ಗೇಟಿನ ತನಕ.”

ನೋಡಲು ಏನೂ ಇರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ ಮುನ್ನೂರು ಮೀಟರ್. ಕೊರೆದ ಮೂರು ಕಡೆ ಮಾತ್ರ ಹೊಸ ತೇಪೆ. ಪಾರ್ವತಿಬಾಯಿ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತರು. ಚಪ್ಪಲಿ ಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆಯ ನಡುವೆ ಬರಿಗಾಲಲ್ಲಿ ನಡೆಯತೊಡಗಿದರು. ಕೋಕಿಲಾ ಅವರ ಚಪ್ಪಲಿ ಹಿಡಿದು ಹಿಂದೆ ನಡೆದಳು. ಮಂಡಿನೋವಿನವರು ಎಲ್ಲೂ ನಿಲ್ಲಲಿಲ್ಲ. ನೀಲಿ ಗೇಟಿನ ಬಳಿ ತಲುಪಿ, ಉಸಿರು ಬಿಟ್ಟು, ಗೇಟಿನ ಕಂಬ ಹಿಡಿದುಕೊಂಡರು.

“ಭಾಳ ಮೆತ್ತಗೈತಿ,” ಎಂದರು.

ಆ ತುದಿಯಿಂದ ಸೂಗಪ್ಪ ಕೈ ಎತ್ತಿ ಕೂಗಿದ. “ಅಕ್ಕಾರ! ಚಾಲೂ ಮಾಡಾಕ ಹೇಳ್ಲೇನ್ರಿ?”

ಕೋಕಿಲಾ ಹ್ಞೂಂ ಎನ್ನಲು ಬಾಯಿ ತೆರೆದಳು. ಕಣ್ಣು ತುಂಬಿ ರಸ್ತೆ ಅಲುಗಿತು. ಅವಳು ಅತ್ತೆಯ ಚಪ್ಪಲಿಯನ್ನು ಕಂಬದ ಬುಡದಲ್ಲಿಟ್ಟಳು. ಪಕ್ಕದಲ್ಲಿ ತನ್ನದನ್ನೂ ಬಿಟ್ಟಳು.

“ಐದು ನಿಮಿಷ ಸೂಗಪ್ಪ,” ಎಂದು ಜೋರಾಗಿ ಕೂಗಿ, ಬಂದ ದಾರಿಯಲ್ಲೇ ಹಿಂದಕ್ಕೆ, ತೀರ ನಿಧಾನವಾಗಿ ನಡೆದಳು. ಯಂತ್ರ ಕಾಯಿತು.